ಸರ್ಕಾರಿ ಹಡಗಾ, ಯೂನಿಯನ್ ಹಡಗಾ? ಸಂಬಳ ಆಮೇಲೆ ನೋಡಿ, ಮೊದಲು ದಿನ ಎಣಿಸಿ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದೋದಕ್ಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ವಿಷಯ ಅಮೆರಿಕದ್ದು, ಆದರೆ ಪ್ರಶ್ನೆ ನಮ್ಮ ಮನೆಗಳಲ್ಲಿ ದಿನಾ ಕೇಳೋದೇ. ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಮೆರೈನ್ ಎಂಜಿನಿಯರಿಂಗ್ ಕೊನೇ ವರ್ಷ. ಓದು ಮುಗಿದ ಮೇಲೆ ಅವರ ಮುಂದೆ ಎರಡು ದಾರಿ ಇದೆ. ಒಂದು, ಅಮೆರಿಕ ಸರ್ಕಾರದ ಹಡಗಿನಲ್ಲಿ ನೌಕರಿ. ಇನ್ನೊಂದು, ನಾವಿಕರ ಯೂನಿಯನ್ ಸೇರಿ ಅದರ ಮೂಲಕ ಖಾಸಗಿ ಕಂಪನಿಗಳ ಹಡಗಿನಲ್ಲಿ ಕೆಲಸ. ಅಪ್ಪ ಅಮ್ಮ 'ಸರ್ಕಾರಿ ಕೆಲಸ ಬಿಡಬೇಡ' ಅಂತಾರೆ. ಕಾಲೇಜಿನ ಸೀನಿಯರ್‌ಗಳು 'ಯೂನಿಯನ್ ಸೇರು' ಅಂತಾರೆ. ಯಾರ ಮಾತು ಕೇಳಬೇಕು?

ಅಪ್ಪ ಅಮ್ಮನ ಮಾತು ಎಲ್ಲಿಂದ ಬಂತು ಅನ್ನೋದು ನಮಗೆಲ್ಲ ಗೊತ್ತು. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ವಿಧಾನಸೌಧದ ಮೇಲೇ ಕೆತ್ತಿಸಿರೋ ರಾಜ್ಯದವರು ನಾವು. ಸರ್ಕಾರಿ ಕೆಲಸ ಅಂದ್ರೆ ಭದ್ರತೆ, ಪಿಂಚಣಿ, ಸಂಜೆ ಹೊತ್ತಿಗೆ ಮನೆ. ಮೊದಲ ಎರಡು ಹಡಗಿಗೂ ಅನ್ವಯಿಸುತ್ತೆ. ಮೂರನೆಯದು ಮಾತ್ರ ಅನ್ವಯಿಸಲ್ಲ. ಇವತ್ತು ಮಾತಾಡಬೇಕಿರೋದು ಅದರ ಬಗ್ಗೆಯೇ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಬಿ.ಕಾಂ ಓದಿದವಳು, ಹಡಗಿನಲ್ಲಿ ಕೆಲಸ ಮಾಡಿದವಳಲ್ಲ. ಎಂಜಿನ್ ರೂಮಿನ ಕಥೆ ನನ್ನ ಹತ್ತಿರ ಇಲ್ಲ. ಆದರೆ ಎರಡು ಆಫರ್ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕೋದು ಬರುತ್ತೆ. ಅಷ್ಟನ್ನು ಮಾಡೋಣ.

ಯಾರು, ಏನು?

ಮರ್ಚೆಂಟ್ ನಾವಿಕರು ಅಂದ್ರೆ ಸರಕು ಹಡಗು, ಎಣ್ಣೆ ಹಡಗುಗಳನ್ನು ನಡೆಸೋ ಸಿವಿಲ್ ನಾವಿಕರು. ಯುದ್ಧ ಮಾಡೋದು ಇವರ ಕೆಲಸ ಅಲ್ಲ. ಆದರೆ ಅಮೆರಿಕದ ನೌಕಾಪಡೆಗೆ ಇವರಿಲ್ಲದೆ ಹೆಚ್ಚು ದಿನ ನಡೆಯೋದಿಲ್ಲ. ನಡುಸಮುದ್ರದಲ್ಲಿರೋ ಯುದ್ಧನೌಕೆಗೆ ಇಂಧನ, ಊಟದ ಸಾಮಾನು, ಮದ್ದುಗುಂಡು ಯಾರಾದರೂ ತಲುಪಿಸಬೇಕಲ್ಲ? ಅದಕ್ಕೆ ಅಂತಲೇ ಇರೋ ಸಂಸ್ಥೆ ಮಿಲಿಟರಿ ಸೀಲಿಫ್ಟ್ ಕಮಾಂಡ್, ಚಿಕ್ಕದಾಗಿ ಎಂಎಸ್‌ಸಿ. ಇದು ನೌಕಾಪಡೆಯ ಭಾಗ, ಮುಖ್ಯ ಕಚೇರಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ. ಇಲ್ಲಿ ಕೆಲಸ ಮಾಡೋ ಸಿವಿಲ್ ನಾವಿಕರು ಸೈನಿಕರಲ್ಲ, ಕೇಂದ್ರ ಸರ್ಕಾರದ ನೌಕರರು. 'ಸಿವ್‌ಮಾರ್' ಅಂತ ಕರೀತಾರೆ.

ಯೂನಿಯನ್ ದಾರಿ ಬೇರೆ ರೀತಿ. ಇಲ್ಲಿ ಸಂಬಳ ಕೊಡೋದು ಹಡಗು ಕಂಪನಿ. ಆದರೆ ಆ ಹಡಗಿಗೆ ಯಾರು ಹೋಗಬೇಕು ಅನ್ನೋದು ಯೂನಿಯನ್ನಿನ ಹೈರಿಂಗ್ ಹಾಲ್ ಮೂಲಕ ತೀರ್ಮಾನ ಆಗುತ್ತೆ. ಆಫೀಸರ್ ಅಲ್ಲದ ನಾವಿಕರಿಗೆ ಸೀಫೇರರ್ಸ್ ಇಂಟರ್‌ನ್ಯಾಷನಲ್ ಯೂನಿಯನ್, ಅಂದ್ರೆ ಎಸ್‌ಐಯು. ಡೆಕ್ ಆಫೀಸರ್‌ಗಳಿಗೆ ಮಾಸ್ಟರ್ಸ್, ಮೇಟ್ಸ್ ಅಂಡ್ ಪೈಲಟ್ಸ್. ಎಂಜಿನಿಯರ್‌ಗಳಿಗೆ ಮೀಬಾ. ಡೆಕ್, ಎಂಜಿನ್ ಎರಡೂ ಕಡೆಯ ಆಫೀಸರ್‌ಗಳಿರೋ ಅಮೆರಿಕನ್ ಮ್ಯಾರಿಟೈಮ್ ಆಫೀಸರ್ಸ್ ಅನ್ನೋದೂ ಇದೆ.

ಹೈರಿಂಗ್ ಹಾಲ್ ನಡೆಯೋದು ಹೀಗೆ. ರಜೆ ಮುಗಿಸಿ ಬಂದವರು ಹಾಲ್‌ನಲ್ಲಿ ಹೆಸರು ನೋಂದಾಯಿಸ್ತಾರೆ, ಒಂದು ಕಾರ್ಡ್ ಸಿಗುತ್ತೆ. ಕಂಪನಿಗಳು ಯಾವ ಹಡಗಿಗೆ ಯಾವ ಜಾಗಕ್ಕೆ ಜನ ಬೇಕು ಅಂತ ತಿಳಿಸ್ತಾರೆ. ಆ ಕೆಲಸಗಳನ್ನು ಕೂಗಿದಾಗ ಬೇಕಾದವರು ಕಾರ್ಡ್ ಮುಂದಿಡ್ತಾರೆ. ಮೊದಲ ಆದ್ಯತೆ ಸೀನಿಯಾರಿಟಿ ದರ್ಜೆಗೆ. ಒಂದೇ ದರ್ಜೆಯವರು ಇಬ್ಬರಿದ್ರೆ ಯಾರ ಕಾರ್ಡ್ ಹಳೇದೋ ಅವರಿಗೆ. ನಮ್ಮ ಆಟೋ ಸ್ಟ್ಯಾಂಡಿನ ಸರದಿ ಥರ ಅಂದುಕೊಳ್ಳಿ, ಜೊತೆಗೆ ಸೀನಿಯರ್‌ಗಳಿಗೆ ಒಂದು ಬೇರೆ ಸಾಲು.

ಈ ಹಾಲ್ ಸುಮ್ಮನೆ ಬಂದಿದ್ದಲ್ಲ. ಒಂದು ಕಾಲದಲ್ಲಿ ನಾವಿಕನಿಗೆ ಹಡಗು ಸಿಗಬೇಕಂದ್ರೆ ಬಂದರಿನ ದಲ್ಲಾಳಿಗಳ ಕೈಬಿಸಿ ಮಾಡಬೇಕಿತ್ತು. ಯಾರನ್ನು ಕರೀಬೇಕು ಅನ್ನೋದು ಪೂರ್ತಿ ಅವರ ಮರ್ಜಿ. 1934ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬಂದರು ಕಾರ್ಮಿಕರು, ನಾವಿಕರು ನಡೆಸಿದ ದೊಡ್ಡ ಮುಷ್ಕರದಲ್ಲಿ, ನೇಮಕದ ಹಿಡಿತ ಕಾರ್ಮಿಕರ ಕೈಗೆ ಬರಬೇಕು ಅನ್ನೋದು ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು.

ಈ ಎರಡು ನಿಜಕ್ಕೂ ಎದುರಾಳಿಗಳಾ?

ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೊಳ್ತಾರೆ. 'ಯೂನಿಯನ್ ಅಥವಾ ಸರ್ಕಾರ' ಅಂದ ತಕ್ಷಣ ಸರ್ಕಾರಿ ಹಡಗಿನಲ್ಲಿ ಯೂನಿಯನ್ನೇ ಇಲ್ಲ ಅನ್ನಿಸುತ್ತೆ. ಇದೆ. ಸಿವ್‌ಮಾರ್‌ಗಳನ್ನು ಪ್ರತಿನಿಧಿಸುತ್ತಾ ಬಂದಿರೋದು ಇದೇ ಎಸ್‌ಐಯು, ಇದೇ ಮೀಬಾ, ಇದೇ ಮಾಸ್ಟರ್ಸ್, ಮೇಟ್ಸ್ ಅಂಡ್ ಪೈಲಟ್ಸ್. ಹೋಗಲಿ, ಇನ್ನೊಂದು ಕೇಳಿ. ಎಂಎಸ್‌ಸಿಗೆ ಕೆಲಸ ಮಾಡೋ ಹಡಗುಗಳಲ್ಲಿ ಕೆಲವನ್ನು ಗುತ್ತಿಗೆ ಮೇಲೆ ಖಾಸಗಿ ಕಂಪನಿಗಳು ನಡೆಸ್ತಾವೆ. ಅಲ್ಲಿರೋದು ಹಾಲ್‌ನಿಂದ ಬಂದ ಯೂನಿಯನ್ ನಾವಿಕರು. ಅಂದ್ರೆ ಒಂದೇ ನೌಕಾಪಡೆಯ ಸಾಮಾನು ಸಾಗಿಸೋ ಇಬ್ಬರಲ್ಲಿ ಒಬ್ಬರು ಸರ್ಕಾರಿ ನೌಕರ, ಇನ್ನೊಬ್ಬರು ಕಂಪನಿ ನೌಕರ ಆಗಿರಬಹುದು.

ಸಂಬಳದಲ್ಲೂ ನಂಟಿದೆ. ಸರ್ಕಾರಿ ಹಡಗಿನ ಸಿಬ್ಬಂದಿಯ ವೇತನವನ್ನು ಹಡಗು ಉದ್ಯಮದಲ್ಲಿ ಚಾಲ್ತಿಯಲ್ಲಿರೋ ದರಕ್ಕೆ ಆದಷ್ಟು ಹೊಂದುವಂತೆ ನಿಗದಿ ಮಾಡಬೇಕು ಅಂತ ಅಮೆರಿಕದ ಕಾನೂನಿನಲ್ಲೇ ಇದೆ. ಹೊರಗೆ ಯೂನಿಯನ್‌ಗಳು ಚೌಕಾಸಿ ಮಾಡಿ ಪಡೆದ ದರ ಒಳಗಿನವರ ಸಂಬಳಕ್ಕೂ ಅಳತೆಗೋಲು ಆಗುತ್ತೆ.

ವ್ಯತ್ಯಾಸ ಇರೋದು ಯೂನಿಯನ್ನಿನ ಕೈಗೆ ಎಷ್ಟು ಬಲ ಇದೆ ಅನ್ನೋದರಲ್ಲಿ. ಕೇಂದ್ರ ಸರ್ಕಾರಿ ನೌಕರರಿಗೆ ಅಲ್ಲಿ ಮುಷ್ಕರ ಮಾಡೋ ಹಕ್ಕಿಲ್ಲ. 1981ರಲ್ಲಿ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದುಹಾಕಿದ್ರು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವೊಂದು, ರಕ್ಷಣಾ ಇಲಾಖೆಯೂ ಸೇರಿದಂತೆ ಹಲವು ಇಲಾಖೆಗಳಲ್ಲಿ ಯೂನಿಯನ್ ಮೂಲಕ ಚೌಕಾಸಿ ಮಾಡೋ ಹಕ್ಕಿಗೆ ಕತ್ತರಿ ಹಾಕಿತು. ವಿಷಯ ಕೋರ್ಟ್ ಮೆಟ್ಟಿಲೇರಿತು. ಹಾಗಾಗಿ ಸರ್ಕಾರಿ ಆಫರ್ ಕೈಗೆ ಬಂದಾಗ, 'ಈ ಹುದ್ದೆಗೆ ಇವತ್ತು ಯಾವ ಒಪ್ಪಂದ ಜಾರಿಯಲ್ಲಿದೆ?' ಅಂತ ಕೇಳಲೇಬೇಕು.

ಒಂದು ಕುರ್ಚಿಗೆ ಎಷ್ಟು ಜನ?

ಈಗ ಮುಖ್ಯ ವಿಷಯಕ್ಕೆ ಬರೋಣ. ಹಡಗಿನ ಕೆಲಸದಲ್ಲಿ ನಾನು ಮೊದಲು ನೋಡೋ ಅಂಕಿ ಸಂಬಳ ಅಲ್ಲ. ಒಂದು ಜಾಗಕ್ಕೆ ಎಷ್ಟು ಜನ ಇದ್ದಾರೆ ಅನ್ನೋದು.

ಯಾಕೆ ಅಂತೀರಾ? ಹಡಗಿನಲ್ಲಿ ಒಂದು ಜಾಗ ಖಾಲಿ ಬಿಡೋಹಾಗಿಲ್ಲ. ನೀವು ಇಳೀಬೇಕಂದ್ರೆ ಇನ್ನೊಬ್ಬರು ಹತ್ತಬೇಕು. ಅದಕ್ಕೆ ರಿಲೀಫ್ ಅಂತಾರೆ. ರಿಲೀಫ್ ಬರದಿದ್ರೆ ನಿಮ್ಮ ರಜೆ ಕಾಗದದ ಮೇಲೆ ಮಾತ್ರ.

ಎಂಎಸ್‌ಸಿಯಲ್ಲಿ ಒಂದು ಜಾಗಕ್ಕೆ ಸುಮಾರು 1.27 ಜನ ಇದ್ದಾರೆ ಅಂತ 2024ರಲ್ಲಿ ವರದಿಯಾಯ್ತು. ಸರಳವಾಗಿ ಹೇಳ್ತೀನಿ. 100 ಜಾಗ ಇದ್ರೆ ಒಟ್ಟು ಜನ 127. ಅದರಲ್ಲಿ 100 ಜನ ಯಾವಾಗಲೂ ಹಡಗಿನಲ್ಲೇ ಇರಬೇಕು. ಉಳಿದ 27 ಜನರಲ್ಲೇ ರಜೆಯವರು, ತರಬೇತಿಯವರು, ಹುಷಾರಿಲ್ಲದವರು ಎಲ್ಲ ಬಂದ್ರು. ಕ್ಯಾಲ್ಕುಲೇಟರ್ ತೆಗೀರಿ. 365 ದಿನವನ್ನು 1.27ರಿಂದ ಭಾಗಿಸಿ. ಹತ್ತಿರ ಹತ್ತಿರ 287 ಬರುತ್ತೆ. ಅಂದ್ರೆ ಸರಾಸರಿ ಒಬ್ಬರು ವರ್ಷದಲ್ಲಿ 287 ದಿನ ಹಡಗಿನಲ್ಲಿ. ಉಳಿಯೋದು 78 ದಿನ, ಅದರಲ್ಲೂ ತರಬೇತಿಗೆ ಸ್ವಲ್ಪ ಹೋಗುತ್ತೆ. ನಾಲ್ಕು ತಿಂಗಳು ಸಮುದ್ರ, ಒಂದು ತಿಂಗಳು ಮನೆ.

'ನಾಲ್ಕು ತಿಂಗಳಾದ ಮೇಲೆ ರಿಲೀಫ್ ಕೇಳಬಹುದು' ಅನ್ನೋದು ಎಂಎಸ್‌ಸಿಯ ಸಾಮಾನ್ಯ ಪದ್ಧತಿ. ಕೇಳಬಹುದು ಅನ್ನೋ ಪದ ಗಮನಿಸಿ. ಜನ ಕಡಿಮೆ ಇದ್ದಾಗ ನಾಲ್ಕು ಐದಾಗುತ್ತೆ, ಐದು ಆರಾಗುತ್ತೆ. ತಂಗಿ ಮದುವೆ ತಾರೀಕು ಗೊತ್ತಿರುತ್ತೆ, ಇಳಿಯೋ ತಾರೀಕು ಗೊತ್ತಿರಲ್ಲ.

ಇದರ ಪರಿಣಾಮ ಏನಾಯ್ತು ಗೊತ್ತಾ? ಜನ ಬಿಟ್ಟು ಹೋಗೋಕೆ ಶುರು ಮಾಡಿದ್ರು. ಅವರು ಹೋದಷ್ಟೂ ಉಳಿದವರ ಮೇಲೆ ಹೊರೆ ಜಾಸ್ತಿ ಆಯ್ತು. ಕೊನೆಗೆ 2024ರಲ್ಲಿ ನೌಕಾಪಡೆ 17 ಹಡಗುಗಳನ್ನು ದೀರ್ಘ ನಿರ್ವಹಣೆ ಹೆಸರಲ್ಲಿ ನಿಲ್ಲಿಸಿ, ಅಲ್ಲಿನ ನಾವಿಕರನ್ನು ಬೇರೆ ಹಡಗುಗಳಿಗೆ ಹಂಚೋ ಯೋಜನೆ ಮಾಡಬೇಕಾಯ್ತು. ಜಗತ್ತಿನ ಅತಿ ದೊಡ್ಡ ನೌಕಾಪಡೆಗಳಲ್ಲಿ ಒಂದು, ಹಡಗಿದೆ, ದುಡ್ಡಿದೆ, ನಡೆಸೋಕೆ ಜನ ಇಲ್ಲ. ರಜೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳೋಕಾಗಲ್ಲ.

ಯೂನಿಯನ್ ಕಡೆ ಲೆಕ್ಕ ಬೇರೆ. ಅಲ್ಲಿ ಹಡಗಿನಲ್ಲಿರೋ ಅವಧಿ ಒಪ್ಪಂದದಲ್ಲೇ ಇರುತ್ತೆ. ಎರಡರಿಂದ ನಾಲ್ಕು ತಿಂಗಳು ಸಾಮಾನ್ಯ. ಅವಧಿ ಮುಗೀತು ಅಂದ್ರೆ ಹಾಲ್‌ನಿಂದ ಇನ್ನೊಬ್ಬರು ಬರ್ತಾರೆ. ಕೆಲವು ಆಫೀಸರ್ ಒಪ್ಪಂದಗಳಲ್ಲಿ ಹಡಗಿನಲ್ಲಿ ಕಳೆದ ಪ್ರತಿ ದಿನಕ್ಕೆ ಹೆಚ್ಚುಕಡಿಮೆ ಒಂದು ದಿನದ ರಜೆ ಸಂಬಳ ಜಮೆ ಆಗುತ್ತೆ. ಇನ್ನು ಕೆಲವು ಒಪ್ಪಂದಗಳಲ್ಲಿ ಅದಕ್ಕಿಂತ ಕಡಿಮೆ. ಈ ರಜೆ ಸಂಬಳಕ್ಕೆ ಕಂಪನಿಗಳು ಒಂದು ನಿಧಿಗೆ ದುಡ್ಡು ಕಟ್ತಾವೆ.

ಹಾಗಂತ ಯೂನಿಯನ್ ದಾರಿ ಹೂವಿನ ಹಾಸಿಗೆ ಅಲ್ಲ. ಮನೆಗೆ ಬಂದ ಮೇಲೆ ಮುಂದಿನ ಹಡಗು ಯಾವಾಗ ಅಂತ ಯಾರೂ ಬರೆದುಕೊಡಲ್ಲ. ಹೊಸಬರಿಗೆ ಸೀನಿಯಾರಿಟಿ ಇರಲ್ಲ. ಒಳ್ಳೆ ಮಾರ್ಗದ ಒಳ್ಳೆ ಹಡಗು ಸೀನಿಯರ್‌ಗಳು ತಗೊಂಡು ಹೋಗ್ತಾರೆ, ಉಳಿದದ್ದು ನಿಮಗೆ. ಹಡಗುಗಳ ಸಂಖ್ಯೆಯೂ ಕಡಿಮೆ. ವಿದೇಶಿ ವ್ಯಾಪಾರದಲ್ಲಿ ಅಮೆರಿಕದ ಬಾವುಟ ಹಾರಿಸೋ ಹಡಗುಗಳು ಉಳಿದಿರೋದಕ್ಕೆ ಸರ್ಕಾರದ ನೆರವು ಒಂದು ದೊಡ್ಡ ಕಾರಣ. 1996ರ ಕಾಯ್ದೆಯಿಂದ ಬಂದ ಮ್ಯಾರಿಟೈಮ್ ಸೆಕ್ಯುರಿಟಿ ಪ್ರೋಗ್ರಾಂ 60 ಹಡಗುಗಳಿಗೆ ವಾರ್ಷಿಕ ಸಹಾಯಧನ ಕೊಡುತ್ತೆ. ದೇಶದೊಳಗಿನ ಬಂದರುಗಳ ನಡುವೆ ಸರಕು ಸಾಗಿಸೋದಕ್ಕೆ ಅಮೆರಿಕದ ಹಡಗೇ ಬೇಕು ಅನ್ನೋ 1920ರ ಜೋನ್ಸ್ ಕಾಯ್ದೆ ಇನ್ನೊಂದು ಆಸರೆ. ಈ ನೀತಿಗಳು ಬದಲಾದ್ರೆ ಹಾಲ್‌ನಲ್ಲಿ ಕೂಗೋ ಕೆಲಸಗಳೂ ಬದಲಾಗ್ತಾವೆ. ಖಾಸಗಿ ಹಡಗು ಅಂದ್ರೂ ಸರ್ಕಾರದ ಕೈ ದೂರ ಇಲ್ಲ.

ಇಷ್ಟರಲ್ಲಿ ಸಾರ ನಿಮಗೇ ಹೊಳೆದಿರಬೇಕು. ಸರ್ಕಾರಿ ಹಡಗಿನಲ್ಲಿ ಕೆಲಸ ಖಾತ್ರಿ, ಮನೆಗೆ ಹೋಗೋ ದಿನ ಖಾತ್ರಿ ಇಲ್ಲ. ಯೂನಿಯನ್ ಹಡಗಿನಲ್ಲಿ ಮನೆಗೆ ಹೋಗೋ ದಿನ ಖಾತ್ರಿ, ಮುಂದಿನ ಕೆಲಸ ಖಾತ್ರಿ ಇಲ್ಲ. ಯಾವ ಅನಿಶ್ಚಿತತೆ ನಿಮಗೆ ತಡಕೊಳ್ಳೋಕಾಗುತ್ತೆ ಅನ್ನೋದೇ ನಿಜವಾದ ಆಯ್ಕೆ.

ಈಗ ದುಡ್ಡಿನ ಮಾತು

ಒಂದು ಉದಾಹರಣೆ ತಗೊಳ್ಳೋಣ. ಇವು ಲೆಕ್ಕಕ್ಕೆ ಅಂತ ನಾನೇ ಹಿಡಿದ ಅಂಕಿಗಳು, ಯಾರ ಸಂಬಳವೂ ಅಲ್ಲ. ಸರ್ಕಾರಿ ಹಡಗಿನಲ್ಲಿ ವರ್ಷಕ್ಕೆ ಒಟ್ಟು 1,00,000 ಡಾಲರ್, ಹಡಗಿನಲ್ಲಿದ್ದದ್ದು 285 ದಿನ. ಯೂನಿಯನ್ ಹಡಗಿನಲ್ಲಿ ರಜೆ ಸಂಬಳವೂ ಸೇರಿ 85,000 ಡಾಲರ್, ಹಡಗಿನಲ್ಲಿದ್ದದ್ದು 190 ದಿನ. ಮೇಲ್ನೋಟಕ್ಕೆ ಸರ್ಕಾರಿ ಕೆಲಸದಲ್ಲಿ 15,000 ಡಾಲರ್ ಜಾಸ್ತಿ. ದಿನದ ಲೆಕ್ಕ ಹಾಕಿ. ಮೊದಲನೆಯದು ಹಡಗಿನ ದಿನಕ್ಕೆ ಸುಮಾರು 351 ಡಾಲರ್. ಎರಡನೆಯದು ಸುಮಾರು 447. ಆ 15,000 ಡಾಲರ್‌ಗೆ ನೀವು ಕೊಟ್ಟಿದ್ದು 95 ದಿನ. ಅಂದ್ರೆ ಮೂರು ತಿಂಗಳಿಗಿಂತ ಹೆಚ್ಚು.

ಆದರೆ ಲೆಕ್ಕ ಇಲ್ಲಿಗೇ ನಿಲ್ಲಿಸಿದ್ರೆ ಸರ್ಕಾರಿ ಕೆಲಸಕ್ಕೆ ಅನ್ಯಾಯ ಆಗುತ್ತೆ. ಪಿಂಚಣಿ ನೋಡಿ. ಅಮೆರಿಕದ ಕೇಂದ್ರ ನೌಕರರ ಈಗಿನ ಪಿಂಚಣಿ ಯೋಜನೆಯ ಸೂತ್ರ ಸರಳ. ಅತಿ ಹೆಚ್ಚು ಸಂಬಳದ ಸತತ ಮೂರು ವರ್ಷಗಳ ಸರಾಸರಿ ಮೂಲವೇತನ, ಅದರ ಶೇ. 1, ಗುಣಿಸು ಸೇವಾ ವರ್ಷಗಳು. 62 ವರ್ಷ ತುಂಬಿ 20 ವರ್ಷ ಸೇವೆ ಇದ್ರೆ ಶೇ. 1.1. ಸರಾಸರಿ 60,000 ಡಾಲರ್ ಇದ್ದು 20 ವರ್ಷ ದುಡಿದ್ರೆ ವರ್ಷಕ್ಕೆ 12,000 ಡಾಲರ್, 62ರ ನಂತರ ನಿವೃತ್ತಿ ಆದ್ರೆ 13,200. ಜೊತೆಗೆ ಉಳಿತಾಯ ಖಾತೆಗೆ ನೀವು ಶೇ. 5 ಹಾಕಿದ್ರೆ ಸರ್ಕಾರವೂ ಶೇ. 5 ಹಾಕುತ್ತೆ. ನಿವೃತ್ತಿಗೆ ಮುಂಚಿನ 5 ವರ್ಷ ಸರ್ಕಾರದ ಆರೋಗ್ಯ ವಿಮೆಯಲ್ಲಿದ್ದು ಪಿಂಚಣಿ ಸಮೇತ ನಿವೃತ್ತಿ ಆದ್ರೆ ಆ ವಿಮೆ ಮುಂದೆಯೂ ಉಳಿಯುತ್ತೆ. ಅಮೆರಿಕದಲ್ಲಿ ಆಸ್ಪತ್ರೆ ಬಿಲ್ ಎಷ್ಟು ಬರುತ್ತೆ ಅಂತ ಅಲ್ಲಿರೋ ನಿಮ್ಮ ನೆಂಟರನ್ನು ಕೇಳಿ, ಈ ಒಂದು ಸಾಲಿನ ಬೆಲೆ ಗೊತ್ತಾಗುತ್ತೆ.

ಒಂದು ಎಚ್ಚರ. ಹಡಗಿನಲ್ಲಿ ಕೈಗೆ ಬರೋ ದುಡ್ಡಿನಲ್ಲಿ ಓವರ್‌ಟೈಮ್ ದೊಡ್ಡ ಪಾಲು. ಸಾಮಾನ್ಯ ಓವರ್‌ಟೈಮ್ ಪಿಂಚಣಿ ಸೂತ್ರದ ಮೂಲವೇತನಕ್ಕೆ ಸೇರಲ್ಲ. ಕೈಗೆ 1,00,000 ಬರ್ತಿದೆ ಅಂತ ಅದರ ಮೇಲೆ ಪಿಂಚಣಿ ಲೆಕ್ಕ ಹಾಕಬೇಡಿ. ರಜೆಯೂ ಹಾಗೇ. ಕೇಂದ್ರ ನೌಕರರಿಗೆ ಮೊದಲ 3 ವರ್ಷ ವಾರ್ಷಿಕ ರಜೆ ಸಿಗೋದು 13 ದಿನ, 15 ವರ್ಷ ದಾಟಿದ ಮೇಲೆ 26 ದಿನ. ನಾವಿಕರಿಗೆ ಇದರ ಜೊತೆ ಶೋರ್ ಲೀವ್ ಅಂತ ಪ್ರತ್ಯೇಕ ರಜೆ ಇದೆ. ಆದರೂ ಸಾಲದಿದ್ರೆ ಸಂಬಳ ಇಲ್ಲದ ರಜೆ ಕೇಳಬೇಕು.

ಯೂನಿಯನ್ ಕಡೆಯೂ ಪಿಂಚಣಿ, ವಿಮೆ ಇದೆ. ಯೂನಿಯನ್ ಮತ್ತು ಕಂಪನಿಗಳು ಸೇರಿ ನಡೆಸೋ ನಿಧಿಯಿಂದ ಬರುತ್ತೆ. ಆದರೆ ವಿಮೆ ಚಾಲೂ ಇರಬೇಕಂದ್ರೆ ನಿಗದಿತ ಅವಧಿಯಲ್ಲಿ ಇಷ್ಟು ದಿನ ಅಂತ ಹಡಗಿನಲ್ಲಿ ಕೆಲಸ ಮಾಡಿರಬೇಕು. ಹಡಗು ಸಿಗದೆ ಹಾಲ್‌ನಲ್ಲೇ ಕಾಯ್ತಾ ಕೂತ್ರೆ ಸಂಬಳದ ಜೊತೆ ವಿಮೆಗೂ ತೊಂದರೆ. ಯೂನಿಯನ್ ಚಂದಾವನ್ನೂ ಖರ್ಚಿನ ಪಟ್ಟಿಯಲ್ಲಿ ಬರ್ಕೊಳ್ಳಿ. ಬದಲಿಗೆ ಸಿಗೋದೂ ಇದೆ. ಎಸ್‌ಐಯು ಸದಸ್ಯರಿಗೆ ಮೇರಿಲ್ಯಾಂಡ್‌ನ ಪೈನಿ ಪಾಯಿಂಟ್‌ನಲ್ಲಿ ತರಬೇತಿ ಶಾಲೆ ಇದೆ, ಮೀಬಾಗೆ ಅದೇ ರಾಜ್ಯದ ಈಸ್ಟನ್‌ನಲ್ಲಿ ಇನ್ನೊಂದು ಇದೆ.

ಯಾರಿಗೆ ಯಾವ ಬಾಗಿಲು ತೆರೆದಿದೆ?

ಅಮೆರಿಕದಲ್ಲಿರೋ ಕೇಳುಗರಿಗೆ ಇದು ಮುಖ್ಯ. ಎರಡೂ ದಾರಿಗೆ ಕೋಸ್ಟ್ ಗಾರ್ಡ್ ಕೊಡೋ ನಾವಿಕರ ಪ್ರಮಾಣಪತ್ರ ಬೇಕು. ಆಫೀಸರ್ ಆಗಬೇಕಂದ್ರೆ ಅಮೆರಿಕದ ಪೌರತ್ವ ಇರಲೇಬೇಕು. ಆಫೀಸರ್ ಅಲ್ಲದ ಹುದ್ದೆಗಳಿಗೆ ಗ್ರೀನ್ ಕಾರ್ಡ್ ಇದ್ದವರೂ ಪ್ರಮಾಣಪತ್ರ ಪಡೀಬಹುದು, ಆದರೆ ಒಂದು ಹಡಗಿನಲ್ಲಿ ಅಂಥವರ ಸಂಖ್ಯೆಗೆ ಮಿತಿ ಇದೆ. ಎಂಎಸ್‌ಸಿ ಸೇರೋಕೆ ಪೌರತ್ವದ ಜೊತೆ ಭದ್ರತಾ ತಪಾಸಣೆಯೂ ಆಗಬೇಕು. ಎಚ್-1ಬಿ ವೀಸಾದಲ್ಲಿರೋರಿಗೆ ಈ ಎರಡೂ ಬಾಗಿಲು ಮುಚ್ಚಿವೆ.

ಇನ್ನೊಂದು ವಿಷಯ. ಎರಡರಲ್ಲಿ ಒಂದಕ್ಕೆ ಜೀವನಪೂರ್ತಿ ಕಟ್ಟುಬೀಳಬೇಕು ಅಂತೇನಿಲ್ಲ. ಸರ್ಕಾರಿ ಹಡಗಿನಲ್ಲಿ ಕಳೆದ ದಿನಗಳು ಮೇಲಿನ ಲೈಸೆನ್ಸ್ ಪರೀಕ್ಷೆಗೆ ಲೆಕ್ಕಕ್ಕೆ ಬರುತ್ತವೆ. ಕೆಲವರು ಅಲ್ಲಿ ಸಮುದ್ರದ ಅನುಭವ ಗಳಿಸಿ, ಲೈಸೆನ್ಸ್ ಏರಿಸಿಕೊಂಡು ಆಮೇಲೆ ಹಾಲ್‌ಗೆ ಹೋಗ್ತಾರೆ. ಹಾಗೆ ಮಾಡೋದಾದ್ರೆ 5 ವರ್ಷ ಅನ್ನೋ ಗೆರೆ ನೆನಪಿರಲಿ. 5 ವರ್ಷ ಸೇವೆ ಪೂರ್ತಿ ಆದ್ರೆ, ನೀವು ಬಿಟ್ಟು ಹೋದ್ರೂ 62ನೇ ವಯಸ್ಸಿಗೆ ಅಷ್ಟು ವರ್ಷದ ಪಿಂಚಣಿಗೆ ಹಕ್ಕು ಉಳಿಯುತ್ತೆ, ನೀವು ಕಟ್ಟಿದ ಪಾಲನ್ನು ವಾಪಸ್ ತಗೊಳ್ಳದಿದ್ರೆ. ನಾಲ್ಕೂವರೆ ವರ್ಷಕ್ಕೆ ಬಿಟ್ರೆ ಆ ಹಕ್ಕಿಲ್ಲ. ಇದಕ್ಕೊಂದು ಬೆಲೆಯೂ ಇದೆ. ಆ ಐದು ವರ್ಷ ಹಾಲ್‌ನಲ್ಲಿದ್ದಿದ್ರೆ ಸೀನಿಯಾರಿಟಿ ಬೆಳೀತಿತ್ತು. ಕಾಮರ್ಸ್ ಕ್ಲಾಸಿನಲ್ಲಿ ಇದಕ್ಕೆ ಅವಕಾಶ ವೆಚ್ಚ ಅಂತ ಹೇಳಿಕೊಡ್ತಿದ್ರು.

ನಮ್ಮ ಕರಾವಳಿಯವರಿಗೂ ಇದೇ ಪ್ರಶ್ನೆ

ಮಂಗಳೂರು, ಉಡುಪಿ, ಕಾರವಾರದ ಕಡೆ 'ಹುಡುಗ ಶಿಪ್ಪಲ್ಲಿದ್ದಾನೆ' ಅನ್ನೋ ಮಾತು ಹೊಸದಲ್ಲ. ಅಲ್ಲಿನ ಆಯ್ಕೆ ಸರ್ಕಾರದ ಪಾಲು ಹೆಚ್ಚಿರೋ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾನಾ, ವಿದೇಶಿ ಹಡಗಿನ ಕಾಂಟ್ರಾಕ್ಟಾ ಅನ್ನೋದು. ನಿಯಮಗಳು ಬೇರೆ, ಅಮೆರಿಕದ ಥರ ಹೈರಿಂಗ್ ಹಾಲ್ ಇಲ್ಲ. ಆದರೆ ದಿನ ಎಣಿಸೋ ಲೆಕ್ಕ ಇಲ್ಲೂ ನಡೆಯುತ್ತೆ. ಕಾಂಟ್ರಾಕ್ಟ್ ಮುಗಿದು ಮನೆಯಲ್ಲಿರೋ ತಿಂಗಳುಗಳಿಗೆ ಸಂಬಳ ಇದೆಯಾ ಅಂತ ನೋಡಿ, ಇಲ್ಲದಿದ್ರೆ ತಿಂಗಳ ಸಂಬಳವನ್ನು 12ರಿಂದ ಗುಣಿಸಬೇಡಿ. ತೆರಿಗೆಯಲ್ಲೂ ದಿನದ ಲೆಕ್ಕವೇ. ಒಂದು ಹಣಕಾಸು ವರ್ಷದಲ್ಲಿ ಭಾರತದಲ್ಲಿದ್ದದ್ದು 182 ದಿನಕ್ಕಿಂತ ಕಡಿಮೆ ಇದ್ರೆ ಸಾಮಾನ್ಯವಾಗಿ ನಾವಿಕರನ್ನು ಅನಿವಾಸಿ ಅಂತ ಪರಿಗಣಿಸ್ತಾರೆ.

ಮತ್ತೆ, ದಯವಿಟ್ಟು ಇದನ್ನು ಕೇಳಿಸ್ಕೊಳ್ಳಿ. ಹಡಗಿನ ಕೆಲಸ ಕೊಡಿಸ್ತೀನಿ ಅಂತ ಲಕ್ಷಗಟ್ಟಲೆ ಕೇಳೋ ಏಜೆಂಟರಿಗೆ ದುಡ್ಡು ಕೊಡಬೇಡಿ. ಉದ್ಯೋಗ ಕೊಡಿಸೋದಕ್ಕೆ ನಾವಿಕರಿಂದ ಶುಲ್ಕ ವಸೂಲಿ ಮಾಡೋದನ್ನು ಭಾರತದ 2016ರ ನಿಯಮಗಳೂ, ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವೂ ನಿಷೇಧಿಸಿವೆ. ಏಜೆನ್ಸಿಗೆ ಡಿಜಿ ಶಿಪ್ಪಿಂಗ್ ಪರವಾನಗಿ ಇದೆಯಾ ಅಂತ ಮೊದಲು ನೋಡಿ.

ಸಹಿ ಹಾಕೋ ಮುಂಚೆ ಐದು ಪ್ರಶ್ನೆ

ಫೋನಿನಲ್ಲಿ ಬರೆದಿಟ್ಕೊಳ್ಳಿ.

ಒಂದು, ಕಳೆದ ವರ್ಷ ಇದೇ ಹುದ್ದೆಯಲ್ಲಿದ್ದವರು ನಿಜವಾಗಿ ಎಷ್ಟು ದಿನ ಹಡಗಿನಲ್ಲಿದ್ರು?

ಎರಡು, ರಿಲೀಫ್ ತಡ ಆದ್ರೆ ನನಗೆ ಏನು ಪರಿಹಾರ?

ಮೂರು, ಮನೆಯಲ್ಲಿರೋ ದಿನಗಳಿಗೆ ಸಂಬಳ ಯಾರು ಕೊಡ್ತಾರೆ, ಎಷ್ಟು ದಿನಕ್ಕೆ?

ನಾಲ್ಕು, ಪಿಂಚಣಿಗೆ ಸಂಬಳದ ಯಾವ ಭಾಗ ಲೆಕ್ಕಕ್ಕೆ ಬರುತ್ತೆ?

ಐದು, ಆರು ತಿಂಗಳು ಹಡಗು ಸಿಗದಿದ್ರೆ ವಿಮೆ ಉಳಿಯುತ್ತಾ?

ಈ ಉತ್ತರಗಳನ್ನು ನೇಮಕ ಮಾಡೋರ ಹತ್ತಿರ ಮಾತ್ರ ಕೇಳಬೇಡಿ. ಹೋದ ತಿಂಗಳು ಹಡಗಿಂದ ಇಳಿದು ಬಂದವರನ್ನು ಕೇಳಿ.

ನನ್ನ ಅಭಿಪ್ರಾಯ ಏನು ಅಂದ್ರೆ, ಮನೆ ಸಾಲ, ಮಕ್ಕಳ ವಿಮೆ ಅಂತ ಜವಾಬ್ದಾರಿ ಇರೋರಿಗೆ, ಸಂಬಳ ನಿಂತರೆ ಕಷ್ಟ ಅನ್ನೋರಿಗೆ ಸರ್ಕಾರಿ ಹಡಗು ಒಳ್ಳೇದು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಕೈಯಲ್ಲಿ ನಾಲ್ಕೈದು ತಿಂಗಳ ಖರ್ಚಿಗೆ ದುಡ್ಡು ಇದೆ, ಕಾಯೋ ತಾಳ್ಮೆ ಇದೆ ಅನ್ನೋರು ಹಾಲ್‌ಗೆ ಹೋಗಿ ಸೀನಿಯಾರಿಟಿ ಶುರು ಮಾಡ್ಕೊಳ್ಳಿ. ಎರಡರಲ್ಲೂ ದುಡ್ಡು ಮತ್ತೆ ಸಂಪಾದಿಸಬಹುದು. ವರ್ಷಕ್ಕೆ 95 ದಿನದ ಹಾಗೆ ಹತ್ತು ವರ್ಷ ಹೋದ್ರೆ 950 ದಿನ, ಎರಡೂವರೆ ವರ್ಷಕ್ಕಿಂತ ಹೆಚ್ಚು. ಅದನ್ನು ಯಾವ ಓವರ್‌ಟೈಮೂ ವಾಪಸ್ ಕೊಡಲ್ಲ.

ನಿಮ್ಮಲ್ಲಿ ಯಾರಾದ್ರೂ ಹಡಗಿನಲ್ಲಿ ಕೆಲಸ ಮಾಡ್ತಿದ್ರೆ, ನಿಮ್ಮ ಕಳೆದ ವರ್ಷದ ಲೆಕ್ಕ ಕಳಿಸಿ. ಸಂಬಳ ಹೇಳಬೇಕಾಗಿಲ್ಲ, ಎಷ್ಟು ದಿನ ಮನೆಯಲ್ಲಿದ್ರಿ ಅಂತ ಹೇಳಿ ಸಾಕು. ಮುಂದಿನ ವಾರ ಸಿಗೋಣ.